ಯಾನ್ ಸ್ಟೇನ್‌ನ ಗದ್ದಲದ ಮನೆಯನ್ನು ಕಾಗದಕ್ಕೆ ಇಳಿಸಿದ ನನ್ನ ಅನುಭವ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ಯಾನ್ ಸ್ಟೇನ್ 1668ರಲ್ಲಿ ಬಿಡಿಸಿದ ‘ಸಂತಸದ ಕುಟುಂಬ’ ಎಂಬ ತೈಲಚಿತ್ರವಿದೆ. ತಂದೆ ಗ್ಲಾಸನ್ನು ಮೇಲೆತ್ತಿ ಗಂಟಲು ಬಿಚ್ಚಿ ಹಾಡುತ್ತಿದ್ದಾನೆ, ತಾಯಿಯೂ ಅಜ್ಜಿಯೂ ದನಿಗೂಡಿಸಿದ್ದಾರೆ, ಮಕ್ಕಳಲ್ಲಿ ಕೆಲವರು ವಾದ್ಯ ಊದುತ್ತಿದ್ದರೆ ಇನ್ನು ಕೆಲವರು ಉದ್ದನೆಯ ಪೈಪು ಸೇದುತ್ತಿದ್ದಾರೆ. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಿಂದ ತೂಗುವ ಚೀಟಿಯಲ್ಲಿ, ದೊಡ್ಡವರು ಹಾಡಿದಂತೆ ಚಿಕ್ಕವರು ಊದುತ್ತಾರೆ ಎಂಬ ಅರ್ಥದ ಡಚ್ ಗಾದೆಯನ್ನು ಬರೆದಿದೆ. ವಾದ್ಯ ಊದುವುದಕ್ಕೂ ಪೈಪು ಸೇದುವುದಕ್ಕೂ ಡಚ್ಚಿನಲ್ಲಿ ಒಂದೇ ಕ್ರಿಯಾಪದ ಒದಗುವುದರಿಂದ ಆ ಮಕ್ಕಳು ಗಾದೆಯನ್ನು ಎರಡೂ ಅರ್ಥದಲ್ಲಿ ನಡೆಸಿ ತೋರಿಸುತ್ತಿದ್ದಾರೆ. ‘ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ’ ಎಂಬ ಮಾತನ್ನು ಕೇಳುತ್ತ ಬೆಳೆದ ನನಗೆ ಈ ಚಿತ್ರ ಮೊದಲ ನೋಟದಲ್ಲೇ ಹತ್ತಿರವಾಯಿತು. ಅಸ್ತವ್ಯಸ್ತವಾದ ಮನೆಯನ್ನು ಡಚ್ಚರು ಇಂದಿಗೂ ‘ಯಾನ್ ಸ್ಟೇನ್‌ನ ಸಂಸಾರ’ ಎಂದೇ ಕರೆಯುತ್ತಾರೆ.

ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿರುವ ಸ್ನೇಹಿತರೊಬ್ಬರು ತಮ್ಮ ಊಟದ ಕೋಣೆಯ ಗೋಡೆಗೆ ಇದರ ಫೈನ್ ಆರ್ಟ್ ಪ್ರಿಂಟ್ ಬೇಕೆಂದು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಚಿತ್ರ ಸಾರ್ವಜನಿಕ ಸ್ವತ್ತಾಗಿದೆ. ಮ್ಯೂಸಿಯಂ ತಾನೇ ಉತ್ತಮ ಗುಣಮಟ್ಟದ ಡಿಜಿಟಲ್ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ.

ಮೂಲದ ಅಳತೆ 110.5 × 141 ಸೆಂಟಿಮೀಟರ್. ನಾನು ಸರಿಯಾಗಿ ಅರ್ಧ ಅಳತೆಯನ್ನು, ಎಂದರೆ 55.25 × 70.5 ಸೆಂಟಿಮೀಟರನ್ನು ಆರಿಸಿಕೊಂಡೆ. ನನ್ನ ಪ್ರಿಂಟರ್ 24 ಇಂಚಿನ, ಎಂದರೆ ಸುಮಾರು 61 ಸೆಂಟಿಮೀಟರ್ ಅಗಲದ ಸುರುಳಿಯನ್ನು ತೆಗೆದುಕೊಳ್ಳುತ್ತದೆ; ಚಿತ್ರದ ಕಿರಿದಾದ ಬದಿಯನ್ನು ಅಡ್ಡಕ್ಕೆ ಇಟ್ಟರೆ ಎರಡೂ ಕಡೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಂಚು ಉಳಿಯುತ್ತದೆ, ಕಟ್ಟು ಹಾಕಿಸಲು ಅದು ಸಾಕು. ಇಂಚಿಗೆ 300 ಪಿಕ್ಸೆಲ್‌ನಂತೆ ಲೆಕ್ಕ ಹಾಕಿದರೆ ಉದ್ದಕ್ಕೆ ಸುಮಾರು 8,300 ಪಿಕ್ಸೆಲ್ ಬೇಕಾಗುತ್ತದೆ. ಕಡತದಲ್ಲಿ ಅಷ್ಟಿಲ್ಲದಿದ್ದಾಗ 240ಕ್ಕೆ ಇಳಿಸಿದರೂ ಮ್ಯಾಟ್, ಎಂದರೆ ಹೊಳಪಿಲ್ಲದ, ಕಾಗದದ ಮೇಲೆ ಕಣ್ಣಿಗೆ ಕೊರತೆ ಕಾಣುವುದಿಲ್ಲ. ಆದರೆ ಹಳೆಯ ತೈಲಚಿತ್ರವನ್ನು ಅತಿಯಾಗಿ ಶಾರ್ಪ್ ಮಾಡಲು ನಾನು ಎಂದಿಗೂ ಒಪ್ಪುವುದಿಲ್ಲ, ಏಕೆಂದರೆ ಬಣ್ಣದ ಪದರದಲ್ಲಿರುವ ಕೂದಲೆಳೆಯಂಥ ಬಿರುಕುಗಳು ಎದ್ದು ನಿಂತು ಮುಖಗಳ ಮೇಲೆ ಬಲೆ ಹಾಸಿದಂತೆ ಕಾಣುತ್ತದೆ.

ಕಾಗದಕ್ಕೆ ಚದರ ಮೀಟರಿಗೆ 308 ಗ್ರಾಂ ತೂಕದ, ಶುದ್ಧ ಹತ್ತಿಯ ಮ್ಯಾಟ್ ಹಾಳೆಯನ್ನು ಬಳಸಿದೆ. ಹೊಳಪುಕಾರಕ ರಾಸಾಯನಿಕ ಬೆರೆಸಿದ ಕಾಗದಗಳು ನೀಲಿ ಛಾಯೆಯ ಬಿಳುಪನ್ನು ಕೊಡುತ್ತವೆ; ಸ್ಟೇನ್‌ನ ಕಂದು, ಮಾಸಲು ಹಳದಿ ಮತ್ತು ಬೆಚ್ಚನೆಯ ಬಿಳಿಗಳಿಗೆ ಅದು ಹೊಂದುವುದಿಲ್ಲ.

ನನ್ನ ನಿಜವಾದ ತಪ್ಪು ನಡೆದದ್ದು ನೆರಳಿನ ವಿಷಯದಲ್ಲಿ. ಮ್ಯಾಟ್ ಕಾಗದದ ಮೇಲಿನ ಕಪ್ಪು, ವಾರ್ನಿಷ್ ಬಳಿದ ಕ್ಯಾನ್ವಾಸಿನ ಕಪ್ಪಿನಷ್ಟು ಆಳಕ್ಕೆ ಇಳಿಯುವುದಿಲ್ಲ. ಕತ್ತಲಿನ ಹತ್ತಾರು ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಅದಕ್ಕೆ ಹೆದರಿ ಮೊದಲ ಪ್ರತಿಯಲ್ಲಿ ನೆರಳುಗಳನ್ನೆಲ್ಲ ಧಾರಾಳವಾಗಿ ತಿಳಿಗೊಳಿಸಿಬಿಟ್ಟೆ. ಪ್ರತಿಯೊಬ್ಬರ ಮುಖವೂ, ಹಿಂಬದಿಯ ಗೋಡೆಯೂ ಸ್ಪಷ್ಟವಾಗಿ ಕಂಡವು, ಆದರೆ ಮನೆಯ ಗದ್ದಲವೇ ಅಡಗಿಹೋಗಿತ್ತು. ಎಲ್ಲರ ಮೇಲೂ ಒಂದೇ ಬೆಳಕು ಬಿದ್ದಾಗ ಕಣ್ಣಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದೇ ತಿಳಿಯುವುದಿಲ್ಲ. ಸ್ಟೇನ್ ನಮ್ಮನ್ನು ತಂದೆಯ ಎತ್ತಿದ ಕೈಗೆ ಮೊದಲು ಕರೆದೊಯ್ದು, ಹಾಡುವ ಬಾಯಿಗಳನ್ನು ದಾಟಿಸಿ, ಮಕ್ಕಳನ್ನು ತೋರಿಸಿ, ಆಮೇಲಷ್ಟೇ ಆ ಚೀಟಿಯನ್ನು ಓದಿಸುತ್ತಾನೆಂದು ನನಗೆ ತೋರುತ್ತದೆ. ಆ ಕ್ರಮವನ್ನು ಹಿಡಿದಿಟ್ಟಿರುವುದು ನೆರಳು.

ಆ ಪ್ರತಿಯನ್ನು ಬದಿಗಿಟ್ಟು, ಮಾನಿಟರಿನ ಬೆಳಕು, ಬಣ್ಣಗಳನ್ನು ಅಳೆದು ಮತ್ತೆ ಕ್ಯಾಲಿಬ್ರೇಟ್ ಮಾಡಿದೆ. ಅದರ ಬೆಳಕು ಅಗತ್ಯಕ್ಕಿಂತ ಹೆಚ್ಚಾಗಿತ್ತು. ಪ್ರಿಂಟಿನ ಕೆಲಸಕ್ಕೆ ನಾನೀಗ ಅದನ್ನು ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾದ (ಬೆಳಕಿನ ಪ್ರಖರತೆಯ ಅಳತೆ) ನಡುವೆ ಇಟ್ಟುಕೊಳ್ಳುತ್ತೇನೆ. ಆ ಕಾಗದದ ಬಣ್ಣದ ಗುಣವನ್ನು ವಿವರಿಸುವ ಪ್ರೊಫೈಲ್ ಕಡತ ಹಾಕಿ, ಮುದ್ರಣ ಹೇಗೆ ಬರುತ್ತದೆಂದು ಪರದೆಯ ಮೇಲೇ ತೋರಿಸುವ ಸಾಫ್ಟ್ ಪ್ರೂಫ್ ನೋಡಿಕೊಂಡು, ಅತ್ಯಂತ ಕತ್ತಲಿನ ಭಾಗವನ್ನು ಮಾತ್ರ ಕೊಂಚ ತಿಳಿಗೊಳಿಸಿ, ನಡುವಣ ಛಾಯೆಗಳನ್ನು ಮುಟ್ಟದೆ ಬಿಟ್ಟೆ. ನಂತರ ಮೂರು ಕಡೆಯಿಂದ ಅಂಗೈ ಅಗಲದ ಪಟ್ಟಿಗಳನ್ನು ಪೂರ್ಣ ಅಳತೆಯಲ್ಲೇ ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಚೀಲದಲ್ಲಿಟ್ಟುಕೊಂಡು ಮ್ಯೂಸಿಯಂಗೆ ಹೋದೆ. ಅಲ್ಲಿನ ದೀಪವೇ ಬೇರೆಯಾದ್ದರಿಂದ ಬಣ್ಣಕ್ಕೆ ಬಣ್ಣವನ್ನು ತಾಳೆ ನೋಡುವುದರಲ್ಲಿ ಅರ್ಥವಿರಲಿಲ್ಲ. ಯಾವ ಬಿಳುಪು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ, ಅದರ ನಂತರ ಯಾವುದು, ಯಾವ ಮುಖ ಕಡೆಗೆ ಎಂಬ ಸರದಿಯನ್ನಷ್ಟೇ ಪುಸ್ತಕದಲ್ಲಿ ಬರೆದುಕೊಂಡೆ. ಪಟ್ಟಿಯಲ್ಲಿ ಚೀಟಿಯ ಬಿಳುಪು ಮೂಲಕ್ಕಿಂತ ಮುಂದೆ ಬಂದಿತ್ತು. ಮನೆಗೆ ಬಂದು ಅದೊಂದನ್ನೇ ಸ್ವಲ್ಪ ಹಿಂದಕ್ಕೆ ತಳ್ಳಿದೆ.

ಮೂರನೆಯ ಪ್ರತಿ ನನಗೆ ಒಪ್ಪಿಗೆಯಾಯಿತು. ಶಾಯಿಯ ತೇವ ಪೂರ್ತಿ ಹೋಗುವವರೆಗೆ ಎರಡು ದಿನ ಮಲಗಿಸಿಟ್ಟು, ಹಾಳೆ ಗಾಜಿಗೆ ತಗುಲದಂತೆ ನಡುವೆ ಆಮ್ಲರಹಿತ ರಟ್ಟಿನ ಮೌಂಟ್ ಇರಿಸಿ, ಕಪ್ಪು ಮರದ ಸಾದಾ ಚೌಕಟ್ಟು ಹಾಕಿಸಿದೆ. ಹಾಳೆಯ ಹಿಂಬದಿಯಲ್ಲಿ ಚಿತ್ರಕಾರನ ಹೆಸರು, 1668, ಮೂಲ ಇರುವ ಸ್ಥಳ ಮತ್ತು ‘ಅರ್ಧ ಅಳತೆಯ ಪ್ರತಿ’ ಎಂಬುದನ್ನು ಪೆನ್ಸಿಲಿನಲ್ಲಿ ಬರೆದೆ. ಸ್ನೇಹಿತರ ಮನೆಯಲ್ಲಿ ಅದನ್ನು ನೇರ ಬಿಸಿಲು ತಾಕದ ಗೋಡೆಗೆ ತೂಗುಹಾಕಿದ ಸಂಜೆ ಅವರ ಮಗಳು ಮೊದಲು ತೋರಿಸಿದ್ದು ಎತ್ತಿದ ಗ್ಲಾಸನ್ನು. ಚೀಟಿಯ ಬಳಿ ಅವಳು ಬಂದದ್ದು ಊಟ ಮುಗಿಯುವ ಹೊತ್ತಿಗೆ, ಅಲ್ಲೇನು ಬರೆದಿದೆ ಎಂದು ತಾಯಿಯನ್ನು ಕೇಳುತ್ತ.