ಮಾರುತಿ 800ರ ಹೆಡ್ ಗ್ಯಾಸ್ಕೆಟ್: ಮನೆಯಲ್ಲೇ ಬದಲಿಸಿದ ನನ್ನ ಅನುಭವ

ಹೆಡ್ ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಡಿಮೆ. ಎಂಜಿನ್ ವಿಪರೀತ ಬಿಸಿಯಾಗಿ ಹೋಗುವುದೇ ಜಾಸ್ತಿ. ಬಿಸಿ ಯಾಕಾಯಿತು ಅಂತ ಹುಡುಕದೆ ಬರೀ ಗ್ಯಾಸ್ಕೆಟ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಈ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿರುವುದು ಕಾರ್ಬ್ಯುರೇಟರ್ ಕಾಲದ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಸಿಲಿಂಡರ್‌ಗಳಿರುವ ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದು, ಅದನ್ನು ಮುಚ್ಚುವ ಮೇಲಿನ ಹೆಡ್ ಅಲ್ಯೂಮಿನಿಯಂನದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈ ಎರಡರ ಮಧ್ಯೆ ಕೂತಿರುವುದು ತೆಳುವಾದ ಗ್ಯಾಸ್ಕೆಟ್. ಸಿಲಿಂಡರಿನ ಒತ್ತಡ, ಕೂಲಂಟ್ (ಎಂಜಿನ್ ತಣಿಸುವ ದ್ರವ), ಆಯಿಲ್ ಈ ಮೂರೂ ಒಂದಕ್ಕೊಂದು ಸೇರದ ಹಾಗೆ ಅದು ತಡೆಯಬೇಕು. ಎಂಜಿನ್ ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ.

ನಮ್ಮ ಗಾಡಿ ಕಾದದ್ದು ಆಗುಂಬೆ ಘಾಟಿಯಲ್ಲಿ, ಉಡುಪಿ ಕಡೆಯಿಂದ ಬರುವಾಗ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವುಗಳು. ಮೊದಲನೇ, ಎರಡನೇ ಗೇರಿನಲ್ಲೇ ಹತ್ತಬೇಕು. ಎಂಜಿನ್‌ಗೆ ಕೆಲಸ ಜಾಸ್ತಿ, ರೇಡಿಯೇಟರ್‌ಗೆ ಗಾಳಿ ಕಡಿಮೆ. ಸೂಜಿ ಕೆಂಪು ಗೆರೆಗೆ ಹೋದ ಕೂಡಲೇ ನಿಲ್ಲಿಸಿದೆ. ಪೂರ್ತಿ ತಣಿದ ಮೇಲೆ ನೀರು ತುಂಬಿಸಿ ನಿಧಾನವಾಗಿ ಮನೆಗೆ ತಂದೆ. ಆಮೇಲೆ ಎಲ್ಲೂ ಸೋರದೇ ರೇಡಿಯೇಟರಿನ ನೀರು ಕಡಿಮೆಯಾಗತೊಡಗಿತು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ.

ಇಲ್ಲಿ ಮಲೆನಾಡಿನವರು ಗಮನಿಸಬೇಕಾದ ಒಂದು ವಿಷಯ ಇದೆ. ಆಯಿಲ್ ಮುಚ್ಚಳದ ಕೆಳಗೆ ಬಿಳಿ ನೊರೆ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅಂತ ತುಂಬಾ ಜನ ಹೇಳುತ್ತಾರೆ. ನಮ್ಮ ಮಳೆಗಾಲದಲ್ಲಿ ಅದನ್ನು ನಂಬಬೇಡಿ. ಪೇಟೆಗೆ ಹೋಗಿ ಬರುವಷ್ಟೇ ಓಡಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವ ಹೊರಗೆ ಹೋಗದೆ ಮುಚ್ಚಳದಲ್ಲಿ ನೊರೆ ಕಟ್ಟುತ್ತದೆ. ಗ್ಯಾಸ್ಕೆಟ್ ಸರಿಯಿದ್ದರೂ ಹೀಗಾಗುತ್ತದೆ. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅದು ಬೇರೆ ಮಾತು.

ಹಾಗಾಗಿ ಬಿಚ್ಚುವ ಮೊದಲು ಬೇರೆ ಪರೀಕ್ಷೆ ಮಾಡಿದೆ. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತಲೇ ಇತ್ತು, ಅಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೋರುತ್ತಿತ್ತು. ಪ್ಲಗ್ ಬಿಚ್ಚಿದರೆ ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ತೀರ್ಥಹಳ್ಳಿಯ ಪರಿಚಯದ ಮೆಕ್ಯಾನಿಕ್ ಒಬ್ಬರಿಂದ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ತಂದು ನೋಡಿದೆ. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಇತ್ತು. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ವಾಲ್ವ್ ಅಥವಾ ರಿಂಗ್ ಇರಬಹುದು. ಪಕ್ಕಪಕ್ಕದ ಎರಡರಲ್ಲೂ ಕಡಿಮೆ ಅಂದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಬಿಚ್ಚಿದಾಗ ಸಿಕ್ಕಿದ್ದೂ ಅದೇ.

ಬಿಚ್ಚುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಬ್ಯಾಟರಿ ತಪ್ಪಿಸಿ, ನೀರು ಮತ್ತು ಆಯಿಲ್ ಇಳಿಸಿ, ಏರ್ ಕ್ಲೀನರ್ ತೆಗೆದೆ. ಕಾರ್ಬ್ಯುರೇಟರಿನ ಸುತ್ತ ಇರುವ ಸಣ್ಣ ಪೈಪುಗಳಿಗೆಲ್ಲ ಅಂಟುಪಟ್ಟಿ ಸುತ್ತಿ ನಂಬರ್ ಬರೆದೆ. ಫೋಟೋ ತೆಗೆದರೂ ನಂಬರ್ ಬರೆಯಿರಿ. ಸೈಲೆನ್ಸರ್ ಪೈಪಿನ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಟೈಮಿಂಗ್ ಗುರುತುಗಳನ್ನು (ವಾಲ್ವ್ ಮತ್ತು ಪಿಸ್ಟನ್ ಓಟ ಹೊಂದಿಸುವ ಗುರುತುಗಳನ್ನು) ಸರಿಯಾಗಿ ಕೂರಿಸಿದ ಮೇಲೆಯೇ ಟೈಮಿಂಗ್ ಬೆಲ್ಟ್ ಕಳಚಿದೆ. ಹೆಡ್ ಬೋಲ್ಟ್‌ಗಳನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಹೊರಗಿನಿಂದ ಒಳಕ್ಕೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಸಿಯಿರುವಾಗ ಬಿಚ್ಚಿದರೆ ಸರಿಯಿದ್ದ ಹೆಡ್ ಕೂಡ ಸೊಟ್ಟಗಾಗುತ್ತದೆ.

ನನಗೆ ಸಹಾಯಕ್ಕೆ ಇದ್ದವನು ಅಣ್ಣನ ಮಗ. ಹೋಸ್ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದವನೇ, "ಚಿಕ್ಕಪ್ಪ, ಇದ್ರಲ್ಲಿ ಥರ್ಮೋಸ್ಟ್ಯಾಟೇ ಇಲ್ಲ!" ಅಂದ.

ಅಲ್ಲಿಂದ ಕಾರಣ ಬಿಚ್ಚಿಕೊಂಡಿತು. ಗಾಡಿ ಬಿಸಿಯಾಗುತ್ತದೆ ಅಂತ ಹಿಂದೆ ಯಾರೋ ಅದನ್ನು ಕಿತ್ತು ಎಸೆದಿದ್ದಾರೆ. ಇದು ಹಳೆಯ ಅಭ್ಯಾಸ, ಕೆಟ್ಟ ಅಭ್ಯಾಸ. ಥರ್ಮೋಸ್ಟ್ಯಾಟ್ 80 ಡಿಗ್ರಿ ದಾಟಿದ ಮೇಲೆ ತೆರೆದುಕೊಂಡು ಕೂಲಂಟನ್ನು ರೇಡಿಯೇಟರ್‌ಗೆ ಬಿಡುತ್ತದೆ. ಅದಿಲ್ಲದಿದ್ದರೆ ನಮ್ಮ ಮಳೆಗಾಲದ ಚಳಿಯಲ್ಲಿ ಎಂಜಿನ್ ಬೆಚ್ಚಗಾಗುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಕೆಸರು ಕಟ್ಟುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ನಿಜವಾದ ರೋಗ ಮುಚ್ಚಿಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಸೂಜಿ ತಣ್ಣಗೇ ಇರುತ್ತದೆ, ಘಾಟಿ ಹತ್ತಿದಾಗ ಮಾತ್ರ ಬಣ್ಣ ಬಯಲಾಗುತ್ತದೆ.

ನಿಜವಾದ ರೋಗ ಇದ್ದದ್ದು ರೇಡಿಯೇಟರ್‌ನಲ್ಲಿ. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇದೆ, ಬಕೆಟ್ಟಿಗೇ ಕೆಂಪು ಕಲೆ ಹಿಡಿಯುತ್ತದೆ. ಕೂಲಂಟ್ ಇಲ್ಲದ ಬರೀ ನೀರಿಗೆ ಬ್ಲಾಕಿನ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ವರ್ಷಗಟ್ಟಲೆ ಅದೇ ನೀರು ಸುರಿದು ಕೊಳವೆಗಳು ಅರ್ಧ ಕಟ್ಟಿಹೋಗಿದ್ದವು. ಹೊರಗಿನ ಫಿನ್ನುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿತ್ತು. ತಾಮ್ರದ ರೇಡಿಯೇಟರ್ ಆದ್ದರಿಂದ ಬದಲಿಸಲಿಲ್ಲ. ಮೇಲಿನ ಟ್ಯಾಂಕ್ ಬಿಚ್ಚಿ, ಒಳಗೆ ಸರಳು ಹಾಯಿಸಿ ಶುಚಿ ಮಾಡಿಸಲು ಶಿವಮೊಗ್ಗಕ್ಕೆ ಕೊಟ್ಟೆ.

ಹೆಡ್ ಕೂಡ ಅಲ್ಲಿಗೇ ಹೋಯಿತು. ಮೊದಲು ಮನೆಯಲ್ಲಿ ನೇರ ಅಳತೆಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿದ್ದೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಲಿಮೀಟರಿನ ಎಲೆ ಮಧ್ಯದಲ್ಲಿ ಸಲೀಸಾಗಿ ಹೋಯಿತು. ಅಂದರೆ ಹೆಡ್ ಬಾಗಿದೆ, ಫೇಸಿಂಗ್ (ಮೇಲ್ಮೈ ಸವರಿ ಸಮ ಮಾಡುವುದು) ಆಗಲೇಬೇಕು. "ಎಷ್ಟು ಬೇಕೋ ಅಷ್ಟೇ ತೆಗೀರಿ, ಬಿರುಕು ಇದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡಿ" ಅಂತ ಲೇತ್ ಅಂಗಡಿಯವರಿಗೆ ಹೇಳಿದೆ. ಬಿರುಕು ಇರಲಿಲ್ಲ. ಎರಡೂ ಮಾಲು ತೀರ್ಥಹಳ್ಳಿ ಬಸ್ಸಿನಲ್ಲಿ ಬಂದವು.

ಅಷ್ಟರಲ್ಲಿ ಬ್ಲಾಕ್ ಶುಚಿ ಮಾಡಿದೆ. ಇದನ್ನು ಅವಸರದಲ್ಲಿ ಮಾಡಬೇಡಿ. ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಹಳೆ ಗ್ಯಾಸ್ಕೆಟ್ಟಿನ ತುಣುಕುಗಳನ್ನು ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ಚೂಪಾದ ಚೂರಿನಿಂದ ಕೆರೆದು ತೆಗೆದೆ. ಗಟ್ಟಿ ಇರುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಎಮೆರಿ ಕಾಗದ ಹಾಕಿದರೆ ಅದರ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತದೆ. ಆಷಾಢದ ಗಾಳಿಯಲ್ಲಿ ಬರಿ ಕಬ್ಬಿಣ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೇ ದಿನಾ ಸಂಜೆ ಸಿಲಿಂಡರ್ ಗೋಡೆಗೆ ಎಂಜಿನ್ ಆಯಿಲ್ ಸವರಿ ಮುಚ್ಚಿಡುತ್ತಿದ್ದೆ.

ಬೋಲ್ಟ್ ಕೂರುವ ತೂತುಗಳನ್ನು ಸೈಕಲ್ ಪಂಪಿನಿಂದ ಊದಿ ಒಣಗಿಸಿದೆ. ತಳದಲ್ಲಿ ಆಯಿಲೋ ನೀರೋ ನಿಂತಿದ್ದರೆ ಬೋಲ್ಟ್ ಇಳಿಯಲು ಜಾಗ ಇರುವುದಿಲ್ಲ. ಬಿಗಿ ಎಷ್ಟಾಯಿತು ಅಂತ ಅಳೆಯುವ ಟಾರ್ಕ್ ರೆಂಚ್, ಬಿಗಿ ಸರಿಯಾಗಿದೆ ಅಂತ ತೋರಿಸುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಬ್ಲಾಕೇ ಸೀಳಬಹುದು.

ಹೊಸ ಗ್ಯಾಸ್ಕೆಟ್ಟಿಗೆ ಪೇಸ್ಟ್ ಏನೂ ಹಚ್ಚಲಿಲ್ಲ, ಒಣದಾಗಿಯೇ ಕೂರಿಸಿದೆ. ಮೇಲ್ಮುಖ ಯಾವುದು ಅನ್ನುವ ಗುರುತು ನೋಡಿ, ಆಯಿಲ್ ತೂತು ಮುಚ್ಚಿಲ್ಲ ಅಂತ ಖಚಿತ ಮಾಡಿಕೊಂಡೆ. ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿ ಮಾಡಿದೆ. ಎಷ್ಟು ಟಾರ್ಕ್ ಅನ್ನುವುದನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲೇ ನೋಡಿ, ಬೇರೆಯವರ ಮಾತು ಕೇಳಿ ಬಿಗಿ ಮಾಡಬೇಡಿ. ಕೈ ಅಂದಾಜಿನಲ್ಲಂತೂ ಈ ಕೆಲಸ ಬೇಡವೇ ಬೇಡ. ಟಾರ್ಕ್ ರೆಂಚ್ ಇಲ್ಲದಿದ್ದರೆ ಎರಡು ದಿನ ಕಾದು ಯಾರ ಹತ್ತಿರವಾದರೂ ತನ್ನಿ. ಬಿಚ್ಚಿದ್ದೇ ಇದ್ದಿದ್ದರಿಂದ ಟೈಮಿಂಗ್ ಬೆಲ್ಟ್ ಹೊಸದು ಹಾಕಿದೆ, ಟ್ಯಾಪೆಟ್ ಅಳತೆ (ವಾಲ್ವ್ ಮೇಲಿನ ಸಣ್ಣ ಸಂದು) ಸರಿ ಮಾಡಿದೆ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನನ್ನು ಪಾನಾ ಹಿಡಿದು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದೆ.

ಹೊಸ ಥರ್ಮೋಸ್ಟ್ಯಾಟ್ ಹಾಕಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ ತುಂಬಿಸಿದೆ. ಮುಚ್ಚಳ ತೆರೆದಿಟ್ಟು, ಗಾಳಿ ಪೂರ್ತಿ ಹೊರಬರುವವರೆಗೆ ನಿಧಾನವಾಗಿ ಓಡಿಸಿದೆ. ಫ್ಯಾನ್ ತಾನಾಗಿ ತಿರುಗಿ, ತಾನಾಗಿ ನಿಂತಿತು. ಇಷ್ಟಾದ ಮೇಲೆ ಮೊದಲ ವಾರ ದಿನಾ ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿದೆ, ಮೇಲಿನ ಹೋಸ್ ಒತ್ತಿ ನೋಡಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಹೋಸ್ ಗಟ್ಟಿಯಾಗಿದ್ದರೆ ಸಿಲಿಂಡರಿನ ಗ್ಯಾಸ್ ಇನ್ನೂ ಕೂಲಂಟಿಗೆ ಸೋರುತ್ತಿದೆ ಅಂತಲೇ ತಿಳಿಯಬೇಕು. ನಮ್ಮದು ಮೆತ್ತಗಿತ್ತು. ಹೆಡ್ ತೆಗೆಯುವಾಗ ಕೂಲಂಟ್ ಸ್ವಲ್ಪವಾದರೂ ತಳದ ಆಯಿಲ್ ಸಂಪ್‌ಗೆ (ಆಯಿಲ್ ನಿಲ್ಲುವ ತಟ್ಟೆಗೆ) ಇಳಿದಿರುತ್ತದೆ. ಹಾಗಾಗಿ ಹೊಸದಾಗಿ ಹಾಕಿದ ಆಯಿಲ್ ಮತ್ತು ಫಿಲ್ಟರನ್ನು ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿದೆ.