ಒಂದು ಗೇಣಿನ ಲೆಕ್ಕ: ಕ್ಯಾರವಾನ್ ಚಕ್ರಕ್ಕೆ ಬೀಗ ಹಾಕಿದ ನನ್ನ ಅನುಭವ

ಕಾರಿನ ಹಿಂದೆ ಎಳೆಯುವ ನನ್ನ ಕ್ಯಾರವಾನ್ (ಮನೆಗಾಡಿ) ಕಳುವಾಗದಿರಲಿ ಅಂತ ಬರೀ ಬೀಗಕ್ಕೇ ಈ ತನಕ ಹತ್ತಿರ ಹತ್ತಿರ 450 ಪೌಂಡ್ ಸುರಿದಿದ್ದೇನೆ. ಗಾಡಿಗೆ ಕೊಟ್ಟಿದ್ದು ಒಂಬತ್ತು ಸಾವಿರ ಚಿಲ್ಲರೆ. ಸೆಕೆಂಡ್ ಹ್ಯಾಂಡ್, ಸಿಂಗಲ್ ಆಕ್ಸಲ್, ಆಲ್‌ಕೋ ಚಾಸಿ, ನಾಲ್ಕು ಬರ್ತ್. ಇಂಗ್ಲೆಂಡಿನಲ್ಲಿ ಕ್ಯಾರವಾನ್ ಎಳೆಯುವ ಕನ್ನಡದವರು ನನ್ನ ಗುರುತಿನಲ್ಲೇ ಈಗ ಐದಾರು ಜನ ಇದ್ದಾರೆ. 2021ರ ಡಿಸೆಂಬರ್ 16ರಿಂದ ಬಿ ಪ್ಲಸ್ ಇ ಟೆಸ್ಟ್ (ಕಾರಿನ ಹಿಂದೆ ಭಾರದ ಗಾಡಿ ಎಳೆಯಲು ಬೇಕಿದ್ದ ಪ್ರತ್ಯೇಕ ಡ್ರೈವಿಂಗ್ ಪರೀಕ್ಷೆ) ತೆಗೆದುಹಾಕಿದರಲ್ಲ, ಆಮೇಲೆ ಧೈರ್ಯ ಮಾಡಿದವರೇ ಎಲ್ಲರೂ. ಅವರೆಲ್ಲ ಸೇರಿ ನನಗೆ ಹೇಳಿದ್ದು ಒಂದೇ ಮಾತು: "ಸ್ಪೋಕ್ ನಡುವೆ ತೂರಿಸೋ ಬೀಗ ಮಾತ್ರ ತಗೋಬೇಡಿ. ಮಳೇಲಿ ಅರ್ಧ ಗಂಟೆ ಒದ್ದಾಡ್ತೀರಾ, ಎರಡನೇ ಟ್ರಿಪ್ಪಿಗೇ ಗ್ಯಾರೇಜಿಗೆ ಎಸೀತೀರಾ."

ನಾನು ಅದನ್ನೇ ತಗೊಂಡೆ. ಈಗ ಒಬ್ಬನೇ, ಜ್ಯಾಕ್ ಇಲ್ಲದೆ, ಐದಾರು ನಿಮಿಷದಲ್ಲಿ ಹಾಕುತ್ತೇನೆ. ಭಾವ ಫೋನಿನಲ್ಲಿ ಟೈಮರ್ ಇಟ್ಟು ನೋಡಿದ್ದಾರೆ, ಬೇಕಾದರೆ ಅವರನ್ನೇ ಕೇಳಿ.

ಮೊದಲು ಸೋತಿದ್ದು ಹೇಳುತ್ತೇನೆ, ದುಡ್ಡು ಹೋಗಿದ್ದು ಅಲ್ಲೇ.

ಮೊದಲನೆಯದು ಆನ್‌ಲೈನಿನಲ್ಲಿ 35 ಪೌಂಡ್ ಆಸುಪಾಸಿಗೆ ಸಿಗುವ ಹಳದಿ ಕ್ಲ್ಯಾಂಪ್. ಹೆಸರು ಬೇಡ, ಎಲ್ಲರೂ ಒಂದಲ್ಲ ಒಂದು ಸಲ ಕೊಂಡಿರುವಂಥದ್ದೇ. ನೋಡೋಕೆ ಗಟ್ಟಿ. ದೂರದಿಂದಲೇ ಕಣ್ಣಿಗೆ ಬೀಳುತ್ತದೆ, ಸುಮ್ನೆ ಕೈ ಆಡಿಸುವ ಹುಡುಗರು ಮುಂದೆ ಹೋಗುತ್ತಾರೆ. ಆದರೆ ಒಂದು ಭಾನುವಾರ ಮನೆ ಮುಂದೆ ಟೈರಿನ ಗಾಳಿ ಇಳಿಸಿ ಪರೀಕ್ಷೆ ಮಾಡಿದೆವು. ಭಾವ ಎರಡೂ ಕೈಯಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿದರು. ಕ್ಲ್ಯಾಂಪ್ ಬೀಗ ಹಾಕಿದಂತೆಯೇ ಕೈಗೆ ಬಂತು. "ಏನ್ರೀ ಭಾವ, ಇದಕ್ಕೆ ಕೀ ಯಾಕೆ ಕೊಟ್ಟಿದ್ದಾರೆ?" ಅಂತ ಕೇಳಿದರು. ಆದರೂ ಒಂದು ಚಳಿಗಾಲ ಅದನ್ನೇ ಹಾಕಿಟ್ಟೆ. ಮಾರ್ಚ್‌ನಲ್ಲಿ ಕಾರ್ನ್‌ವಾಲ್‌ಗೆ ಹೊರಡುವ ಬೆಳಿಗ್ಗೆ ಬೀಗದೊಳಗೆ ತುಕ್ಕು ಹಿಡಿದು ಕೀ ತಿರುಗಲೇ ಇಲ್ಲ. ಗಾಡಿ ನಿಲ್ಲಿಸಿಟ್ಟಿದ್ದ ಸ್ಟೋರೇಜ್ ಹೊಲದ ಯಜಮಾನ ಕಬ್ಬಿಣ ಕತ್ತರಿಸುವ ಬ್ಯಾಟರಿ ಗ್ರೈಂಡರ್ ತಂದ. ಎರಡು ನಿಮಿಷದ ಒಳಗೆ ಎರಡು ತುಂಡು. ಅಷ್ಟು ಬೇಗ ಕತ್ತರಿಸಿದ್ದು ನೋಡಿ ಟ್ರಿಪ್ ಉಳಿಯಿತು ಅಂತ ಖುಷಿಯಾಯಿತು, ಇಡೀ ಚಳಿಗಾಲ ಇದನ್ನೇ ನಂಬಿದ್ದೆವಲ್ಲ ಅಂತ ಹೊಟ್ಟೆಯೂ ಉರಿಯಿತು.

ಎರಡನೆಯದು ಭಾರಿ ಕ್ಲ್ಯಾಂಪ್. 110 ಪೌಂಡ್ ಇರಬೇಕು. ಸೋಲ್ಡ್ ಸೆಕ್ಯೂರ್ ಗೋಲ್ಡ್. ಈ ಸೋಲ್ಡ್ ಸೆಕ್ಯೂರ್ ಅನ್ನೋದನ್ನು 1992ರಲ್ಲಿ ನಾರ್ತಂಬ್ರಿಯಾ ಮತ್ತು ಎಸೆಕ್ಸ್ ಪೊಲೀಸರು ಶುರು ಮಾಡಿದ್ದು, ಈಗ ಮಾಸ್ಟರ್ ಲಾಕ್‌ಸ್ಮಿತ್ಸ್ ಅಸೋಸಿಯೇಶನ್ ನಡೆಸುತ್ತದೆ. ಬೀಗವನ್ನು ನಿಜವಾಗಿ ಒಡೆದು ನೋಡಿ ದರ್ಜೆ ಕೊಡುತ್ತಾರೆ. ಹಾಗಾಗಿ ಅಂಗಡಿಯವನ ಮಾತಿಗಿಂತ ನಾನು ಆ ಚೀಟಿ ನಂಬುತ್ತೇನೆ. ಈ ಕ್ಲ್ಯಾಂಪ್ ಬಲದಲ್ಲಿ ಕಡಿಮೆ ಇರಲಿಲ್ಲ, ಚಕ್ರದ ಬೋಲ್ಟುಗಳನ್ನೂ ಮುಚ್ಚುತ್ತಿತ್ತು. ಅದು ಮುಖ್ಯ. ಬೋಲ್ಟ್ ಬಿಟ್ಟರೆ ಕಳ್ಳ ಕ್ಲ್ಯಾಂಪ್ ಸಮೇತ ಚಕ್ರ ಬಿಚ್ಚಿಟ್ಟು, ತನ್ನ ಚಕ್ರ ಹಾಕಿ ಎಳೆದುಕೊಂಡು ಹೋಗುತ್ತಾನೆ. ಆದರೆ ನನ್ನ ಗಾಡಿಯ ಪಕ್ಕದ ಸ್ಕರ್ಟ್ (ಚಕ್ರದ ಮೇಲೆ ಇಳಿದಿರುವ ಅಂಚು) ತಗ್ಗು. ಕ್ಲ್ಯಾಂಪಿನ ತೋಳು ಪ್ರತಿ ಸಲ ಅಲ್ಲಿಗೆ ತಾಗಿ ಗೀರು ಬೀಳುತ್ತಿತ್ತು. ಜೊತೆಗೆ ತೂಕ ಹತ್ತು ಕೇಜಿ ಹತ್ತಿರ. ನನ್ನ ಪೇಲೋಡ್, ಅಂದರೆ ಗಾಡಿಯಲ್ಲಿ ಹೇರಬಹುದಾದ ತೂಕ, ಇರೋದೇ 150 ಕೇಜಿ ಚಿಲ್ಲರೆ. ಆನಿಂಗ್ (ಪಕ್ಕಕ್ಕೆ ಕಟ್ಟುವ ಟೆಂಟ್), ಗ್ಯಾಸ್, ಬ್ಯಾಟರಿ, ಮೋಟರ್ ಮೂವರ್ (ರಿಮೋಟಿನಲ್ಲಿ ಗಾಡಿ ಸರಿಸುವ ಮೋಟರ್) ಎಲ್ಲ ಅದರಲ್ಲೇ. ಮನೆಯವಳ ಇಡ್ಲಿ ಕುಕ್ಕರ್ ಮತ್ತು ಮಿಕ್ಸಿ ಮೇಲೆ ಚರ್ಚೆಗೆ ಅವಕಾಶವಿಲ್ಲ. ಬೀಗವೇ ಇಳಿಯಬೇಕಾಯಿತು. 60 ಪೌಂಡಿಗೆ ಮಾರಿದೆ.

ಇಲ್ಲಿ ಒಂದು ಮಾತು. ನಮ್ಮ ಕಡೆಯವರಿಗೆ ಇದು ಹೊಳೆಯೋದು ಸ್ವಲ್ಪ ತಡ. ಕ್ಯಾರವಾನ್‌ಗೆ ಡಿವಿಎಲ್‌ಎ (ಇಲ್ಲಿನ ಆರ್‌ಟಿಓ ಥರದ ಇಲಾಖೆ) ಕೊಡುವ ಆರ್‌ಸಿ ಇಲ್ಲ. ಹಿಂದೆ ಹಾಕುವ ನಂಬರ್ ಪ್ಲೇಟ್ ಎಳೆಯುವ ಕಾರಿನದ್ದು. ಕದ್ದವನು ತನ್ನ ಕಾರಿನ ಪ್ಲೇಟ್ ಅಂಟಿಸಿಕೊಂಡು ಹೊರಟರೆ ರಸ್ತೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. 1992ರಿಂದ ಇರುವ ಕ್ರಿಸ್ ಅನ್ನುವ ಕ್ಯಾರವಾನ್ ನೋಂದಣಿ ಒಂದೇ ಗತಿ. ಗಾಜಿನ ಮೇಲೆ ಕೊರೆದ ಅಕ್ಷರ, ಅಂಕಿ ಸೇರಿ 17 ಇರುವ ನಂಬರ್ ಅದರದ್ದು. ಅದೂ ಕಳುವಾದ ಮೇಲೆ ಹುಡುಕಲು ಆಗುತ್ತದೆ, ಹೋಗುವಾಗ ತಡೆಯುವುದಿಲ್ಲ. ತಡೆಯೋದು ಹಿಚ್ ಲಾಕ್ (ಕಾರಿಗೆ ಕೊಂಡಿ ಹಾಕುವ ಜಾಗದ ಬೀಗ) ಮತ್ತು ಚಕ್ರದ ಬೀಗ, ಎರಡೇ. ಹಿಚ್ ಲಾಕ್ ಬಗ್ಗೆ ನನಗೆ ತಲೆನೋವಿಲ್ಲ. 60 ಪೌಂಡಿನದು ತಂದೆ, ಹಾಕಿದೆ, ಮುಗೀತು.

ಮೂರನೆಯದು ಈ ಸ್ಪೋಕ್ ಬೀಗ. ಚಕ್ರದ ಹಿಂದೆ ಮೊದಲೇ ಕೂತಿರುವ ರಿಸೀವರ್‌ಗೆ ಸ್ಪೋಕ್ ಸಂದಿಯಿಂದ ಬೋಲ್ಟ್ ಹೋಗಿ ಕೂರುತ್ತದೆ. ಟೈರಿನ ಗಾಳಿ ಇಳಿಸಿದರೂ ಅದಕ್ಕೇನೂ ಆಗದು. ಸೋಲ್ಡ್ ಸೆಕ್ಯೂರ್‌ನಲ್ಲಿ ಗೋಲ್ಡ್‌ಗಿಂತ ಮೇಲಿನ ಡೈಮಂಡ್ ದರ್ಜೆಯದು. 230ರಿಂದ 240 ಕೊಟ್ಟ ನೆನಪು. ಬೀಗದಲ್ಲಿ ಸ್ಪೋಕ್ ಸಂದಿಗೆ ಕೂರುವ ಭಾಗಕ್ಕೆ ಇನ್ಸರ್ಟ್ ಅಂತಾರೆ, ರಿಮ್ ಪ್ರಕಾರ ಅದರ ನಂಬರ್ ಬೇರೆ ಬೇರೆ. ಸೆಕೆಂಡ್ ಹ್ಯಾಂಡ್ ಬೀಗ 80ಕ್ಕೆ ಸಿಗುತ್ತೆ ಅಂತ ಹಾರಬೇಡಿ. ಇನ್ಸರ್ಟ್ ಹೊಂದದಿದ್ದರೆ ಅದು ಬರೀ ಕಬ್ಬಿಣ.

ಮೊದಲ ಸಂಜೆ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ, ಜೋರು ಮಳೆ. ಗೆಳೆಯರು ಹೇಳಿದ್ದು ಅಕ್ಷರಶಃ ಆಯಿತು. ರಿಸೀವರ್ ತೂತಿನ ಎದುರಿಗೆ ಸ್ಪೋಕೇ ನಿಂತಿತ್ತು. ಚಕ್ರ ಎತ್ತಿ ತಿರುಗಿಸೋಣ ಅಂತ ಜ್ಯಾಕ್ ಕೊಟ್ಟೆ, ಒದ್ದೆ ಹುಲ್ಲಿನಲ್ಲಿ ಜ್ಯಾಕೇ ಇಳಿಯಿತು. ಹಲಗೆ ಇಟ್ಟೆ, ಜಾರಿತು. ಅರ್ಧ ಗಂಟೆ ಮೇಲಾಯಿತು. ಪಕ್ಕದ ಗಾಡಿಯ ಅಜ್ಜ ಕಿಟಕಿಯಿಂದ ಟೀ ಕುಡಿಯುತ್ತಾ ಪೂರ್ತಿ ನೋಡಿದ.

ಆ ರಾತ್ರಿ ಒಳಗೆ ಕೂತು ಲೆಕ್ಕ ಹಾಕಿದೆ. ಟೈರ್ 185/65 ಆರ್14. ಸುತ್ತಳತೆ ಸುಮಾರು 187 ಸೆಂಟಿಮೀಟರ್. ಐದು ಸ್ಪೋಕ್. ಅಂದರೆ ಪ್ರತಿ 37 ಸೆಂಟಿಮೀಟರಿಗೆ ಒಂದು ಸಂದಿ ತೂತಿನ ಎದುರಿಗೆ ಬಂದೇ ಬರುತ್ತದೆ. ಹಿಂದೆಯೋ ಮುಂದೆಯೋ ಹತ್ತಿರದ ಸಂದಿಗೆ ಹೋಗಲು ಅತಿ ಹೆಚ್ಚು ಅಂದರೆ 18–19 ಸೆಂಟಿಮೀಟರ್. ಒಂದು ಗೇಣೂ ಆಗದು! ಇಷ್ಟಕ್ಕೆ ಜ್ಯಾಕ್ ಯಾಕೆ? ಗಾಡಿಯನ್ನೇ ಸರಿಸಿದರೆ ಆಯ್ತಲ್ಲ. ಗೂಟಕ್ಕೆ ಸರಿಯಾಗಿ ನಿಲ್ಲಿಸಬೇಕಾದ ಕ್ಯಾರವಾನ್ ಕ್ಲಬ್ ಸೈಟುಗಳಲ್ಲೂ ಒಂದು ಗೇಣಿಗೆ ಯಾರೂ ಜಗಳ ಆಡುವುದಿಲ್ಲ.

ಕಷ್ಟ ಇರೋದು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದರಲ್ಲಿ. ಪ್ರತಿ ಸಲ ಮೊಣಕಾಲೂರಿ ಟಾರ್ಚ್ ಹಿಡಿದು ಇಣುಕಿ, ಎದ್ದು ರಿಮೋಟ್ ಒತ್ತಿ, ಮತ್ತೆ ಇಣುಕಿ, ಹೀಗೆ ಆಗಲ್ಲ. ಗುರುತು ಬೇಕು. ಮೊದಲು ಟೈರಿನ ಮೇಲೆ ಬಳಪದಲ್ಲಿ ಗೆರೆ ಎಳೆದೆ. ಒಂದೇ ಮಳೆಗೆ ಹೋಯಿತು. ಬಿಳಿ ಪೇಂಟ್ ಹಚ್ಚಿದೆ, ಕರ್ಬಿಗೆ ಉಜ್ಜಿ ಹೋಯಿತು. ಟೈರ್ ರಿಮ್ ಮೇಲೆ ಕಾಲಾಂತರದಲ್ಲಿ ಕೂದಲೆಳೆಯಷ್ಟು ಸರಿಯುತ್ತದೆ ಬೇರೆ. ಕೊನೆಗೆ ರಿಮ್ಮಿನ ಅಂಚಿಗೇ ಐದು ಕಡೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟೆ. "ರೀ, ನನ್ನ ಡ್ರೆಸ್ಸಿಂಗ್ ಟೇಬಲ್ಲಿಗೂ ಬೀಗ ಹಾಕ್ಬೇಕು ಈಗ" ಅಂದಳು ಮನೆಯವಳು. ಆದರೆ ಎರಡು ವರ್ಷ ಕಳೆದರೂ ಚುಕ್ಕೆ ಹೋಗಿಲ್ಲ. ಬೀಗ ಸರಿಯಾಗಿ ಕೂತಿರುವಾಗ ನೇರ ಕೆಳಗೆ ಬರುವ ಜಾಗಕ್ಕೆ ಒಂದು, ಆಮೇಲೆ ಉಳಿದ ನಾಲ್ಕು ಸಮ ದೂರಕ್ಕೆ. ಚುಕ್ಕೆ ನೆಲದ ಕಡೆ ನೇರ ಆದ ಕೂಡಲೆ ರಿಮೋಟ್ ಬಿಡುತ್ತೇನೆ. ನಿಂತಲ್ಲಿಂದಲೇ ಕಾಣುತ್ತದೆ.

ಸಮತಟ್ಟಾದ ಪಿಚ್ಚಿನಲ್ಲಿ (ಸೈಟಿನಲ್ಲಿ ಗಾಡಿ ನಿಲ್ಲಿಸುವ ಜಾಗ) ಇಷ್ಟೇ. ಓರೆ ಇದ್ದರೆ ತಾನೇ ತಲೆನೋವು? ಲೆವೆಲ್ ಮಾಡೋಕೆ ರ‍್ಯಾಂಪ್ ಹತ್ತಿಸಿದರೆ ಚಕ್ರ ಉರುಳುತ್ತದೆ, ಚುಕ್ಕೆ ತಪ್ಪುತ್ತದೆ. ಚುಕ್ಕೆ ಹಿಡಿದರೆ ಲೆವೆಲ್ ತಪ್ಪುತ್ತದೆ. ಎಲ್ಲರೂ ಕೈಚೆಲ್ಲೋದು ಇಲ್ಲೇ. ನಾನು ಎರಡನ್ನೂ ಬೇರೆ ಮಾಡಿದೆ. ಚುಕ್ಕೆಗೆ ರ‍್ಯಾಂಪ್, ಎತ್ತರಕ್ಕೆ ಹಲಗೆ. 12 ಮಿಲಿಮೀಟರ್ ಪ್ಲೈವುಡ್ಡಿನ ನಾಲ್ಕು ತುಂಡು, ರ‍್ಯಾಂಪಿನಷ್ಟೇ ಅಗಲ. ಚುಕ್ಕೆ ಸರಿಯಾದ ಜಾಗದಲ್ಲಿ ಎತ್ತರ ಕಡಿಮೆ ಬಿದ್ದರೆ ಇಳಿಸಿ, ರ‍್ಯಾಂಪ್ ಕೆಳಗೆ ಒಂದೋ ಎರಡೋ ಹಲಗೆ ಸೇರಿಸಿ, ಅದೇ ಜಾಗಕ್ಕೆ ಹತ್ತಿಸುತ್ತೇನೆ. ಈಗ ಪಿಚ್ ನೋಡಿದ ಕೂಡಲೆ ಎಷ್ಟು ಹಲಗೆ ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಬೀಗದ ಚಕ್ರ ಎತ್ತರದ ಕಡೆ ಬಂದರೆ ಇನ್ನೂ ಸುಲಭ. ಮೊದಲು ಆ ಚುಕ್ಕೆ ಕೂರಿಸಿ, ತಗ್ಗಿನ ಕಡೆಯ ಮೋಟರ್ ಒಂದನ್ನೇ ಓಡಿಸಿ ಆ ಚಕ್ರ ಹತ್ತಿಸಿದರೆ, ಬೀಗದ ಚಕ್ರ ಉರುಳದೆ ಇದ್ದ ಜಾಗದಲ್ಲೇ ನಿಲ್ಲುತ್ತದೆ.

ರ‍್ಯಾಂಪನ್ನು ಚಕ್ರದಿಂದ ಎಷ್ಟು ದೂರ ಇಟ್ಟು ಶುರು ಮಾಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಗಂಟು ಹಾಕಿದ ಒಂದು ದಾರ ಇದೆ. ಗಂಟು ಎಲ್ಲೆಲ್ಲಿ ಅಂತ ಹೇಳಲ್ಲ. ನಿಮ್ಮ ಚಕ್ರಕ್ಕೆ ಅದು ಹೇಗೂ ಬೇರೆ, ನೀವೇ ಒಂದು ಸಂಜೆ ಕೂತು ಹಾಕಿಕೊಳ್ಳಿ. ಐದು ನಿಮಿಷದ ಗುಟ್ಟು ಆ ದಾರದಲ್ಲೇ ಇದೆ ಅನ್ನೋದು ಮಾತ್ರ ನಿಜ.

ಮೂವರ್ ಇಲ್ಲದವರು ಇಬ್ಬರು ತಳ್ಳಬೇಕು, ಹ್ಯಾಂಡ್‌ಬ್ರೇಕ್ ಹತ್ತಿರ ಒಬ್ಬರು ನಿಲ್ಲಬೇಕು. ಸ್ಟೆಡಿ (ಗಾಡಿಯ ನಾಲ್ಕು ಮೂಲೆಯ ಊರುಗಾಲು) ಇಳಿಸೋದು ಎಲ್ಲ ಮುಗಿದ ಮೇಲೆ.

ತುಕ್ಕಿನ ಭಯ ಹೋಗಿರಲಿಲ್ಲ. ಹಳದಿ ಕ್ಲ್ಯಾಂಪ್ ಕಲಿಸಿದ ಪಾಠ. ಅದಕ್ಕೆ ಫ್ರೀಜರ್ ಪರೀಕ್ಷೆ ಮಾಡಿದೆ. ಹಳೆಯ ಮೂರು ಬೀಗದ ಸಿಲಿಂಡರ್ ತಂದು, ಒಂದಕ್ಕೆ ಎಲ್ಲರ ಮನೇಲೂ ಇರುವ ಆ ಎಣ್ಣೆ ಸ್ಪ್ರೇ, ಒಂದಕ್ಕೆ ಗ್ರಾಫೈಟ್ ಪುಡಿ, ಒಂದಕ್ಕೆ ಒಣಗುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹಾಕಿ, ನೀರಲ್ಲಿ ಅದ್ದಿ ರಾತ್ರಿ ಇಡೀ ಬಟಾಣಿ ಪ್ಯಾಕೆಟ್ ಪಕ್ಕ ಇಟ್ಟೆ. ಬೆಳಿಗ್ಗೆ ಪಿಟಿಎಫ್‌ಇ ಮೊದಲ ಸಲಕ್ಕೇ ತಿರುಗಿತು. ಗ್ರಾಫೈಟ್ ಸ್ವಲ್ಪ ಕಿರಿಕಿರಿ ಮಾಡಿ ತಿರುಗಿತು. ಎಣ್ಣೆಯದು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ ಮೇಲೆ. ಎಣ್ಣೆಗೆ ಧೂಳು ಅಂಟಿ ಗಸಿಯಾಗುವ ಕಾಟವೂ ಇದೆ. ಅಂದಿನಿಂದ ಪಿಟಿಎಫ್‌ಇ, ತಿಂಗಳಿಗೊಂದು ಸಲ. ಫ್ರೀಜರಿಗೆ ಬೀಗ ಇಡೋದು ಮಾತ್ರ ನಿಷೇಧ ಆಗಿದೆ.

ರಿಸೀವರ್ ತೂತಿಗೆ ಬರುವ ಪ್ಲಾಸ್ಟಿಕ್ ಮುಚ್ಚಳ ಕಳೆಯಬೇಡಿ. ನನ್ನದು ವೇಲ್ಸ್ ಕಡೆ ಎಲ್ಲೋ ಬಿತ್ತು. ಮನೆಗೆ ಬರುವಷ್ಟರಲ್ಲಿ ಒಳಗೆ ಕೆಸರು, ಉಪ್ಪು, ಸಣ್ಣ ಕಲ್ಲು ಎಲ್ಲ ಗಚ್ಚಿನ ಹಾಗೆ ಕೂತಿತ್ತು. ಹಳೇ ಟೂತ್ ಬ್ರಷ್ಷಿನಲ್ಲಿ ಕೆರೆದು ಕೆರೆದು ಬಿಡಿಸಿದೆ. ವೈನ್ ಕಾರ್ಕಿಗೆ ಇನ್ಸುಲೇಶನ್ ಟೇಪ್ ಸುತ್ತಿ ಒತ್ತಿ ನೋಡಿದೆ, ಎರಡು ಟ್ರಿಪ್ ಬಂತು. ಆಮೇಲೆ ಅಸಲಿ ಮುಚ್ಚಳವನ್ನೇ ತರಿಸಿದೆ, ಕೆಲವೇ ಪೌಂಡ್. ಈಗ ಬೀಗ ಹಾಕಿದ ಕೂಡಲೆ ಆ ಮುಚ್ಚಳವನ್ನು ಕಾರಿನ ಸ್ಟೀರಿಂಗಿಗೆ ದಾರದಲ್ಲಿ ನೇತುಹಾಕುತ್ತೇನೆ. ಬೀಗ ಬಿಚ್ಚದೆ ಗಾಡಿ ಎಳೆಯುವ ಮಾತೇ ಇಲ್ಲ. ಹಾಗೆ ಎಳೆದರೆ ರಿಮ್ ಹೋಗುತ್ತದೆ, 150 ಪೌಂಡ್ ಮೇಲೆ.

ಚಳಿಗಾಲಕ್ಕೆ ಇನ್ನೊಂದು ಲಾಭ. ಬೀಗ ಬಿದ್ದ ಮೇಲೆ ಎರಡೂ ಚಕ್ರಕ್ಕೆ ಚಾಕ್ (ಉರುಳದಂತೆ ತಡೆಯುವ ಅಡ್ಡಗಟ್ಟೆ) ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿಡುತ್ತೇನೆ. ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುವ ತಾಪತ್ರಯ ತಪ್ಪಿತು. ಹಿಂದೆ ಒಂದು ಸಲ ಅದಕ್ಕೇ ಮೆಕ್ಯಾನಿಕ್‌ಗೆ 90 ಪೌಂಡ್ ಕೊಟ್ಟಿದ್ದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಇನ್ಶೂರೆನ್ಸ್ ಮೊದಲು ವರ್ಷಕ್ಕೆ 280 ಹತ್ತಿರ ಇತ್ತು. ಡೈಮಂಡ್ ಬೀಗದ ರಸೀದಿ ಕಳಿಸಿ, ಹೊಲದಿಂದ ಕಸೋವಾ ಗೋಲ್ಡ್ (ಕ್ಯಾರವಾನ್ ಸ್ಟೋರೇಜ್ ಮಾಲೀಕರ ಸಂಘ ಕೊಡುವ ದರ್ಜೆ) ಸ್ಟೋರೇಜಿಗೆ ಬದಲಾದ ಮೇಲೆ 230ರ ಆಸುಪಾಸು. ಸ್ಟೋರೇಜ್ ಮಾತ್ರ ದುಬಾರಿ, ಹೊಲಕ್ಕೆ ಕೊಡುತ್ತಿದ್ದುದಕ್ಕಿಂತ ಇನ್ನೂರು ಜಾಸ್ತಿ. ಬೀಗದಿಂದ ದುಡ್ಡು ಉಳಿಯುತ್ತೆ ಅಂತ ಹೊರಟರೆ ಲೆಕ್ಕ ಕೂರುವುದಿಲ್ಲ, ನಿದ್ದೆ ಬರುತ್ತೆ ಅಷ್ಟೇ. ರಸೀದಿಯನ್ನೂ ಎಲ್ಲ ಕೀಗಳನ್ನೂ ಜೋಪಾನ ಮಾಡಿ. ಕಳುವಾದರೆ ಮೊದಲು ಕೇಳೋದು ಅವನ್ನೇ. ಕೀ ನಂಬರಿನ ಫೋಟೋ ಮೈಸೂರಿನಲ್ಲಿ ಅಮ್ಮನ ಫೋನಿನಲ್ಲೂ ಇದೆ. ಅದು ಯಾವ ಬೀರುವಿನದು ಅಂತ ಅವರು ಆಗಾಗ ಕೇಳುತ್ತಿರುತ್ತಾರೆ.

ಟ್ರ್ಯಾಕರ್ ಟ್ಯಾಗ್ ಒಂದೂ ಗಾಡಿಯಲ್ಲಿದೆ. ಎಲ್ಲಿ ಅಂತ ಮನೆಯವಳಿಗೂ ಹೇಳಿಲ್ಲ.

ಈಗ ಭಾವನೂ ಈ ಬೀಗಕ್ಕೆ ಬಂದಿದ್ದಾರೆ. ಅವರದು ಟ್ವಿನ್ ಆಕ್ಸಲ್, ಒಂದೊಂದು ಪಕ್ಕಕ್ಕೂ ಎರಡು ಚಕ್ರ. ಎರಡು ಚಕ್ರ ಜೊತೆಗೆ ಉರುಳಿದರೂ ಎರಡರ ಚುಕ್ಕೆ ಒಟ್ಟಿಗೆ ಕೆಳಗೆ ಬಂದೇ ಬರುತ್ತದೆ ಅಂತೇನಿಲ್ಲ, ನನ್ನ ದಾರ ಅಲ್ಲಿ ಸಾಲದು. ಒಂದು ಚಕ್ರವನ್ನು ಜ್ಯಾಕ್ ಕೊಟ್ಟು ಒಮ್ಮೆ ತಿರುಗಿಸಿ ಎರಡನ್ನೂ ಹೊಂದಿಸಿಟ್ಟರೆ ಒಂದಷ್ಟು ದೂರ ಹಾಗೇ ಉಳಿಯುತ್ತೆ ಅಂತ ನನ್ನ ಅಂದಾಜು. ಮೊದಲು ಇನ್ಸರ್ಟ್ ನಂಬರ್ ಬೇಕು. ಚಕ್ರದ ಮುಂಭಾಗದ ಫೋಟೋ ಕಳಿಸಿದ್ದಾರೆ. ರಿಮ್ ನಂಬರ್ ಇರೋದು ಹಿಂದೆ. ಶನಿವಾರ ಟಾರ್ಕ್ ರೆಂಚ್ ತಗೊಂಡು ಹೋಗಿ ಬಿಚ್ಚಿ ನೋಡಬೇಕು.