ನಹಾನಿ ನದಿಯ ಕಾಡಿಗೆ ಹೋಗಿಬರುವುದು ಹೇಗೆ?

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿರುವ ನಹಾನಿ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯೇ ಇಲ್ಲ. ಚಿನ್ನ ಅರಸುತ್ತಾ ಈ ಕಣಿವೆ ಹೊಕ್ಕ ಮೆಕ್ಲಿಯೋಡ್ ಸಹೋದರರ ಶವಗಳು 1908ರಲ್ಲಿ ರುಂಡವಿಲ್ಲದೆ ಪತ್ತೆಯಾದವು. ಡೆಡ್‌ಮೆನ್ ವ್ಯಾಲಿ (ಸತ್ತವರ ಕಣಿವೆ), ಹೆಡ್‌ಲೆಸ್ ಕ್ರೀಕ್ (ರುಂಡವಿಲ್ಲದ ತೊರೆ) ಎಂಬ ಹೆಸರುಗಳು ನಕ್ಷೆಯಲ್ಲಿ ಇಂದಿಗೂ ಇವೆ. ಅವರ ಸಾವಿನ ಕಾರಣ ಬಗೆಹರಿದಿಲ್ಲ. ಇದಕ್ಕಿಂತ ಹಳೆಯದು, ಬೆಟ್ಟಗಳಿಂದ ಇಳಿದು ದಾಳಿ ಮಾಡುತ್ತಿದ್ದು ಒಮ್ಮೆಲೇ ಕಾಣೆಯಾದ ನಾಹಾ ಜನರ ಬಗ್ಗೆ ಇಲ್ಲಿನ ಮೂಲನಿವಾಸಿಗಳಾದ ಡೆನೆ ಸಮುದಾಯದ ಹಿರಿಯರು ಹೇಳುತ್ತ ಬಂದ ವೃತ್ತಾಂತ. ರುಂಡದ ಕಥೆಗಷ್ಟೇ ಮರುಳಾಗಿ ಹೊರಡುವವರು ಇದು ಡೆನೆ ಜನರು ತಲೆಮಾರುಗಳಿಂದ ಬಾಳುತ್ತಿರುವ ನೆಲ ಎಂಬುದನ್ನು ಮರೆಯುತ್ತಾರೆ, ಹಾಗಾಗಬಾರದು.

ಮೊದಲು ತೀರ್ಮಾನಿಸಬೇಕಾದದ್ದು ಪ್ರವಾಸದ ಬಗೆಯನ್ನು. ಒಂದೇ ದಿನದಲ್ಲಿ ವಿಮಾನದಲ್ಲಿ ಹೋಗಿ ವರ್ಜೀನಿಯಾ ಜಲಪಾತ ನೋಡಿ ಮರಳಬಹುದು, ಇಲ್ಲವೇ ವಾರಕ್ಕೂ ಮೀರಿ ದೋಣಿಯಲ್ಲಿ ನದಿಯಗುಂಟ ಸಾಗಬಹುದು. ರಭಸದ ನೀರಿನಲ್ಲಿ ಹುಟ್ಟುಹಾಕಿ ಅಭ್ಯಾಸವಿಲ್ಲದವರು ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ದೋಣಿ ಪ್ರವಾಸಕ್ಕೆ ಮನಸ್ಸು ಮಾಡಲೇಬಾರದು. ಬೇಸಿಗೆಯಲ್ಲೂ ಇಲ್ಲಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಭಾರತದಿಂದ ಹೊರಡುವವರು ವೀಸಾಕ್ಕೆ ಹಲವು ತಿಂಗಳು ಮೊದಲೇ ಅರ್ಜಿ ಹಾಕಿ, ಜೂನ್ ನಡುವಿನಿಂದ ಆಗಸ್ಟ್ ಕೊನೆಯೊಳಗಿನ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸೊಳ್ಳೆಗಳ ಕಾಟಕ್ಕೂ ಅದೇ ಕಾಲವಾದ್ದರಿಂದ ತಲೆಗೆ ಹಾಕುವ ಬಲೆ ಜೊತೆಗಿರಲಿ.

ನಂತರ ಉದ್ಯಾನದ ಕಚೇರಿಯಿಂದ ಅನುಮತಿ ಪಡೆದು, ಶಿಬಿರದ ಜಾಗಗಳನ್ನು ಕಾಯ್ದಿರಿಸಬೇಕು. ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್ ಮೂಲಕ ಫೋರ್ಟ್ ಸಿಂಪ್ಸನ್ ಎಂಬ ಊರು ತಲುಪಿದರೆ, ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು ಬಾಡಿಗೆಗೆ ಸಿಗುತ್ತವೆ. ಅವುಗಳಲ್ಲಿ ಪ್ರತಿ ಕಿಲೋಗ್ರಾಂ ಭಾರಕ್ಕೂ ಲೆಕ್ಕವಿರುವುದರಿಂದ ಸಾಮಾನನ್ನು ತೂಗಿಯೇ ಕಟ್ಟಬೇಕು. ಮೋಡ ಕವಿದರೆ ವಿಮಾನ ಏಳುವುದಿಲ್ಲ. ಎರಡು ಮೂರು ದಿನಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳದೆ ಮರುಪ್ರಯಾಣದ ಟಿಕೆಟ್ ಕೊಳ್ಳಬೇಡಿ.

ವರ್ಜೀನಿಯಾ ಜಲಪಾತಕ್ಕೆ ಸಾಕಷ್ಟು ಸಮಯ ಕೊಡಿ. 90 ಮೀಟರಿಗೂ ಹೆಚ್ಚು ಎತ್ತರದಿಂದ ಧುಮುಕುವ ನದಿಯನ್ನು ನಡುವೆ ನಿಂತ ಒಂದು ಬೃಹತ್ ಬಂಡೆ ಸೀಳುತ್ತದೆ, ಜಲಪಾತದ ಮೇಲುಭಾಗದಲ್ಲಿ ಹಲಗೆ ಹಾಸಿದ ದಾರಿಯಲ್ಲಿ ನಡೆಯುವಾಗಲೇ ಅದರ ಭೋರ್ಗರೆತ ಕಿವಿಗೆ ಬಡಿಯುತ್ತದೆ. ದೋಣಿ ಪ್ರವಾಸಿಗಳು ಇಲ್ಲಿ ದೋಣಿ, ಗಂಟುಮೂಟೆ ಎಲ್ಲವನ್ನೂ ಹೊತ್ತು ಒಂದು ಕಿಲೋಮೀಟರಿಗೂ ಮಿಕ್ಕಿದ ಇಳಿಜಾರಿನಲ್ಲಿ ಕೆಳಗಿಳಿದು, ಅಲ್ಲಿಂದ ಆಳವಾದ ಕಮರಿಗಳನ್ನು ಹೊಗುತ್ತಾರೆ. ಕಳೆದ ಹಿಮಯುಗದಲ್ಲಿ ಹಿಮನದಿಗಳು ಈ ಕಮರಿಗಳನ್ನು ಸವೆಸಿ ಅಗಲಗೊಳಿಸಲಿಲ್ಲವಾದ್ದರಿಂದ ಅವುಗಳ ಗೋಡೆಗಳು ಇನ್ನೂ ಕಡಿದಾಗಿ ನಿಂತಿವೆ. ಯುನೆಸ್ಕೊ 1978ರಲ್ಲಿ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲೇ ನಹಾನಿಯನ್ನು ಸೇರಿಸಿತ್ತು.

ಜಲಪಾತಕ್ಕೂ ಮೇಲಿನಿಂದ ಹೊರಡುವವರು ರ‍್ಯಾಬಿಟ್‌ಕೆಟಲ್ ಬಿಸಿನೀರಿನ ಬುಗ್ಗೆಗಳನ್ನು ತಪ್ಪಿಸಬಾರದು. ಉಕ್ಕುವ ನೀರಿನಲ್ಲಿ ಕರಗಿದ ಸುಣ್ಣ ಪದರ ಪದರವಾಗಿ ಕೂಡಿ, ಮೆಟ್ಟಿಲು ಮೆಟ್ಟಿಲಾದ ದಿಬ್ಬವಾಗಿದೆ. ಒಂದು ಬೂಟಿನ ಒತ್ತಿಗೂ ಅದು ಒಡೆಯುವಷ್ಟು ನಾಜೂಕಾಗಿರುವುದರಿಂದ, ಉದ್ಯಾನದ ಸಿಬ್ಬಂದಿಯ ಜೊತೆಯಲ್ಲಿ ಬರಿಗಾಲಲ್ಲಿ ಮಾತ್ರ ಅದರ ಮೇಲೆ ನಡೆಯಬೇಕು. ಡೆನೆ ಜನರಿಗೆ ಅದು ಪವಿತ್ರ ಸ್ಥಳ.

ಕರಡಿಗಳ ವಿಷಯದಲ್ಲಿ ಉದಾಸೀನ ಸಲ್ಲದು. ಆಹಾರವನ್ನು ವಾಸನೆ ಹೊರಬಾರದ, ಕರಡಿ ಒಡೆಯಲಾಗದ ಡಬ್ಬಿಗಳಲ್ಲಿಟ್ಟು, ಡೇರೆಯಿಂದ ದೂರದಲ್ಲೇ ಅಡುಗೆ ಮಾಡಬೇಕು. ಕರಡಿಯನ್ನು ಹಿಮ್ಮೆಟ್ಟಿಸುವ ಸ್ಪ್ರೇಯನ್ನು ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ, ಫೋರ್ಟ್ ಸಿಂಪ್ಸನ್‌ನಲ್ಲಿ ಅದು ಕೈಗೆ ಸಿಗುವ ಏರ್ಪಾಟನ್ನು ಮೊದಲೇ ಮಾಡಿಕೊಳ್ಳಿ. ಮೊಬೈಲ್ ಸಿಗ್ನಲ್ ಎಲ್ಲಿಯೂ ಸಿಗದು. ಉಪಗ್ರಹ ಫೋನ್ ಬೇಕೇ ಬೇಕು. ಹೊರಡುವ ಮುನ್ನ ಕಚೇರಿಯಲ್ಲಿ ಹೆಸರು, ಮಾರ್ಗ, ಮರಳುವ ದಿನ ಬರೆಸಿ, ಪ್ರವಾಸ ಮುಗಿದೊಡನೆ ಬಂದು ತಲುಪಿದ ಸುದ್ದಿಯನ್ನು ಅದೇ ಕಚೇರಿಗೆ ತಿಳಿಸಿ.